ಕಿನ್ನರಿ ಕಂಪನಿಯ ಕರೆ

"ಇಳಿಸ್ರಿ! ಯಾರೂ ಎತ್ತಂಗಿಲ್ಲ!"

ಚಟ್ಟಕ್ಕೆ ಹೆಗಲು ಕೊಟ್ಟಿದ್ದವರು ನಿಂತಲ್ಲೇ ನಿಂತರು. ಅಂಗಳದ ಬಾಯಿಗೆ ಅಡ್ಡಲಾಗಿ ಗಂಗಲಕ್ಷ್ಮಿ ಎರಡೂ ಕೈ ಚಾಚಿದ್ದಳು. ಗಂಡನ ಹೆಣವನ್ನು ಹೆಂಡತಿಯೇ ತಡೆದದ್ದನ್ನು ನನ್ನಿವಾಳ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಸತ್ತ ಮುತ್ತುರಾಜನ ಅಣ್ಣ ಕ್ಯಾತಣ್ಣ ಚಟ್ಟ ಇಳಿಸಿ ಬೆವರು ಒರೆಸಿಕೊಂಡ. "ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕಮ್ಮ. ಇನ್ಯಾರು ಬರಬೇಕು?"

"ಕಂಪನಿ ಸಾಹೇಬ್ರು. ದಿನಾ ಸಂಜೆ ಇವರತ್ರ ಫೋನಲ್ಲಿ ಮಾತಾಡೋರು, ಇವತ್ತು ಬರಲ್ವಾ? ಕಂಪನಿ ಬದುಕ್ತತೋ ಇಲ್ವೋ, ಅವರ ಬಾಯಿಂದ್ಲೇ ಕೇಳ್ಬೇಕು ನಾನು. ಬದುಕೋದಾದ್ರೆ ಅಂಗಡಿ ನಾನೇ ನಡೆಸ್ತೀನಿ. ಇಲ್ಲಾಂದ್ರೆ ಇವ್ರು ಯಾತಕ್ಕೆ ಇಷ್ಟು ಒದ್ದಾಡಿ ಸತ್ರು ಅಂತಾದ್ರೂ ಹೇಳ್ಲಿ."

ಬೇಲಿಯ ಪಕ್ಕ ನಿಂತಿದ್ದ ಪ್ರಭು ತಲೆ ತಗ್ಗಿಸಿದ. ಚಳ್ಳಕೆರೆಯಲ್ಲಿ ಮುತ್ತುರಾಜನ ಮೊಬೈಲ್ ಅಂಗಡಿಗೆ ಅಂಟಿಕೊಂಡೇ ಅವನ ಅಂಗಡಿ. ಪ್ರಭುವಿನದರಲ್ಲಿ ಹೊರದೇಶದ ಅಗ್ಗದ ಫೋನು, ಕಾಲಿಡಲು ಜಾಗವಿಲ್ಲ; ಮುತ್ತುರಾಜನದರಲ್ಲಿ ನೊಣ. ನಿನ್ನೆ ಮಧ್ಯಾಹ್ನ ರಿಪೇರಿ ಮೇಜಿನ ಮೇಲೆ ತಲೆಯಿಟ್ಟಿದ್ದ ಮುತ್ತುರಾಜನಿಗೆ ನಿದ್ದೆ ಅಂದುಕೊಂಡು, ತಂದ ಟೀ ಆರಿದ ಮೇಲೆ ಅಲುಗಾಡಿಸಿ ನೋಡಿದವನೂ ಪ್ರಭುವೇ.

*

ಕಿನ್ನರಿ ಫೋನು ತಯಾರಿಸುವ ಸಣ್ಣ ಕಂಪನಿ; ಮುತ್ತುರಾಜ ಮಾರುತ್ತಿದ್ದದ್ದು ಅದರ ಫೋನನ್ನೇ. ಅದರ ಸಾಹೇಬರು ಓಂಕಾರಮೂರ್ತಿ ಒಮ್ಮೆ ದೊಡ್ಡಉಳ್ಳಾರ್ತಿಯ ಕುರಿ ಮೇಯುವ ಕಾವಲಿಗೇ ಬಂದು, ಕುರಿಗಾಹಿಗಳ ಕಂಬಳಿಯ ಮೇಲೆ ಕೂತು, ಎಂಥ ಫೋನು ಬೇಕೆಂದು ಕೇಳಿದ್ದರು.

"ಬಾಯಿ ದೊಡ್ಡದಿರ್ಬೇಕು ಸಾರ್, ದಿಬ್ಬದಾಚೆಗೂ ಕೇಳ್ಬೇಕು. ಬ್ಯಾಟ್ರಿ ಗಟ್ಟಿ ಇರ್ಬೇಕು" ಎಂದಿದ್ದ ಮುತ್ತುರಾಜ.

ಹಾಗೆಯೇ ಮಾಡಿಕೊಟ್ಟರು. ಕುರಿ ಕಾಯುವ ಮೂಗಮ್ಮ ಆ ಫೋನನ್ನು ಮುಂದಾಳು ಕುರಿಯ ಕೊರಳಿಗೇ ಕಟ್ಟಿದಳು. ದಿಬ್ಬದ ಮೇಲೆ ಕೂತು ಮಗನ ಫೋನಿನಿಂದ ಕರೆ ಮಾಡಿದರೆ ಸಾಕು, ಅದರ ಸದ್ದಿಗೆ ಕುರಿ ತಿರುಗುತ್ತಿತ್ತು, ಹಿಂದೆಯೇ ಇಡೀ ಮಂದೆ. ಸುದ್ದಿ ಕೇಳಿ ರಾಂಪುರ, ಮೊಳಕಾಲ್ಮೂರು ಕಡೆಯವರೂ ಬಸ್ ಹತ್ತಿ ಬಂದರು. ಮುತ್ತುರಾಜ ಮೀಸೆ ತಿರುವಿದ್ದು ಆಗಲೇ.

ಆಮೇಲೆ ದೊಡ್ಡ ಕಂಪನಿಗಳು ಅರ್ಧ ಬೆಲೆಗೆ ಇಳಿದವು. ಆನೆಗಳು ನುಗ್ಗಿದ ಮೇಲೆ ಇರುವೆಯ ಗತಿ ಕೇಳುವವರು ಯಾರು? ಕಿನ್ನರಿಯ ಹೊಸ ಮಾಲು ನಿಂತಿತು, ಬಿಡಿಭಾಗವೂ ನಿಂತಿತು. ಮುತ್ತುರಾಜ ಕೆಟ್ಟ ಫೋನಿನ ಭಾಗ ಬಿಚ್ಚಿ ಓಡುವ ಫೋನಿಗೆ ಹಾಕತೊಡಗಿದ. "ಸತ್ತದ್ದು ಬದುಕಿದ್ದಕ್ಕಾಗ್ಲಿ" ಎನ್ನುತ್ತಿದ್ದ.

"ಲೇ, ನನ್ ಜೊತೆ ಸೇರ್ಕೊಳ್ಳೋ" ಎಂದು ಪ್ರಭು ಎಷ್ಟೋ ಸಲ ಅಂಗಲಾಚಿದ್ದ.

"ನನ್ ಮಾತು ಕೇಳಿ ಮಾಡಿದ ಫೋನು ಕಣೋ ಇದು. ನಾನೇ ಕೈಬಿಟ್ರೆ?"

ದಿನಾ ಸಂಜೆ ಅಂಗಳದ ಬೇವಿನಡಿ ನಿಂತು, ಫೋನು ಕಿವಿಗಿಟ್ಟು ಮಾತಾಡುತ್ತಿದ್ದ. "ಹೂಂ ಸಾರ್... ಯುಗಾದಿಗೆ ಹೊಸ ಮಾಡೆಲ್ಲಾ ಸಾರ್?... ಆಯ್ತು ಸಾರ್." ರೊಟ್ಟಿ ತಟ್ಟುತ್ತಿದ್ದ ಗಂಗಲಕ್ಷ್ಮಿ ಕೈ ನಿಲ್ಲಿಸಿ ಕೇಳುತ್ತಿದ್ದಳು. ಅಂಗಡಿಯಿಂದ ಗಂಡ ಬರಿಗೈಯಲ್ಲಿ ಬಂದ ದಿನವೂ ಆ ನಾಲ್ಕು ಮಾತಿನಲ್ಲೇ ಅವಳ ಹೊಟ್ಟೆ ತುಂಬುತ್ತಿತ್ತು.

*

"ಹಂಗಾದ್ರೆ ಸಾಹೇಬ್ರಿಗೇ ಫೋನ್ ಮಾಡಿ ಕೇಳಮ್ಮ" ಎಂದ ಕ್ಯಾತಣ್ಣ. ಸತ್ತವನಿಗೆ ಪ್ರೀತಿಯಾದದ್ದು ಅವನ ಜೊತೆಗೇ ಮಣ್ಣಿಗೆ ಹೋಗಬೇಕು. ಅದಕ್ಕೇ ಬೆಳಿಗ್ಗೆ ಅವನೇ ತಮ್ಮನ ಹೊಸ ಅಂಗಿಯ ಜೇಬಿಗೆ ಫೋನಿಟ್ಟಿದ್ದ. ಹಗುರ ಅನ್ನಿಸಿತ್ತು. ಅಂಥ ಹೊತ್ತಿನಲ್ಲಿ ಯಾರು ತೂಗಿ ನೋಡುತ್ತಾರೆ?

ಗಂಗಲಕ್ಷ್ಮಿ ಗಂಡನ ಜೇಬಿನಿಂದ ಫೋನು ತೆಗೆದು ಒತ್ತಿದಳು. ಬೆಳಕು ಬರಲಿಲ್ಲ.

"ಚಾರ್ಜಿಲ್ಲೇನೋ. ನನ್ದರ ಬ್ಯಾಟ್ರಿ ಹಾಕವ್ವ" ಎಂದು ಮೂಗಮ್ಮ ಸೊಂಟದಿಂದ ತನ್ನ ಕಿನ್ನರಿ ಬಿಚ್ಚಿದಳು.

"ಬ್ಯಾಡ ಅತ್ತಿಗೆ, ತೆಗೀಬ್ಯಾಡ್ರಿ" ಎನ್ನುತ್ತ ಪ್ರಭು ಓಡಿ ಬಂದ. ಅಷ್ಟರಲ್ಲಿ ಅವಳು ಉಗುರು ಸಿಕ್ಕಿಸಿ ಹಿಂದಿನ ಮುಚ್ಚಳ ಎಬ್ಬಿಸಿದ್ದಳು.

ಒಳಗೆ ಬ್ಯಾಟರಿ ಇರಲಿಲ್ಲ. ಬೋರ್ಡಿಲ್ಲ, ಸ್ಪೀಕರಿಲ್ಲ. ಕಾಳಿಲ್ಲದ ಶೇಂಗಾ ಸಿಪ್ಪೆಯಂತೆ ಫೋನು ಖಾಲಿಯಿತ್ತು.

ಪ್ರಭು ದನಿ ತಗ್ಗಿಸಿದ. "ಕಂಪನಿ ಮುಚ್ಚಿ ವರ್ಷದ ಮೇಲಾಯ್ತು ಅತ್ತಿಗೆ. ಸಾಹೇಬ್ರ ನಂಬರೂ ಇಲ್ಲ. ಬಿಡಿಭಾಗ ಬೇರೆ ಎಲ್ಲೂ ಸಿಗದೆ, ಇವನು ತನ್ ಫೋನನ್ನೇ ಒಂದೊಂದಾಗಿ ಬಿಚ್ಚಿ ಜನಕ್ಕೆ ಹಾಕ್ಕೊಟ್ಟ. ಬೋರ್ಡು ಮೂಗಮ್ಮನ ಫೋನಲ್ಲೈತೆ. ಯಾರಿಗಾದ್ರೂ ಮಾತಾಡ್ಬೇಕಂದ್ರೆ ನನ್ನ ಅಂಗಡಿಗೆ ಬರೋನು."

"ಅಯ್ಯೋ ದೇವುಡಾ! ಗೊತ್ತಿದ್ರೆ ಇಸ್ಕೊಂತಿದ್ನಾ ನಾನು?" ಮೂಗಮ್ಮ ಫೋನನ್ನು ಎದೆಗವಚಿಕೊಂಡಳು.

ಗಂಗಲಕ್ಷ್ಮಿಗೆ ಸಿಟ್ಟು ಬಂತು. ಬದುಕಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದಳು: ನನಗೆ ಸುಳ್ಳು ಹೇಳಿದೆಯೋ, ನಿನಗೇ ಹೇಳಿಕೊಂಡೆಯೋ? ಕೇಳಲು ಯಾರಿದ್ದಾರೆ? ಇನ್ನು ಅಂಗಡಿಯಿಲ್ಲ, ಯುಗಾದಿಯಿಲ್ಲ, ಏನೂ ಇಲ್ಲ.

"ಏನಂತೆ? ಸಾಹೇಬ್ರು ಸಿಕ್ಕಿದ್ರಾ?" ಬೇಲಿಯಾಚೆ ಜನ ಕತ್ತು ಉದ್ದ ಮಾಡಿದರು. "ಸಾಹೇಬ್ರು ದಿನಾ ಮಾತಾಡ್ತಾರೆ ಅಂತ ಅವನು ಹೇಳ್ತಿದ್ದದ್ದು ನಿಜಾನೇನಪ್ಪ?" ಎಂದು ಯಾರೋ ಕುಹಕವಾಡಿದರು.

ಅವಳು ಮುಚ್ಚಳ ಒತ್ತಿ ಕೂರಿಸಿದಳು. ಸೆರಗಿನಿಂದ ಫೋನು ಒರೆಸಿದಳು. ಬೇವಿನಡಿಗೆ ಹೋಗಿ, ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಕಿವಿಗಿಟ್ಟುಕೊಂಡಳು.

"ಹಲೋ ಸಾರ್... ಹೂಂ ಸಾರ್, ನಿನ್ನೆ ಮಧ್ಯಾಹ್ನ... ಇಲ್ಲ ಸಾರ್, ಕೊನೇವರೆಗೂ ನಿಮ್ಮ ಫೋನೇ ರಿಪೇರಿ ಮಾಡ್ತಿದ್ರು... ಆಯ್ತು ಸಾರ್."

ಬೇಲಿಯಾಚೆ ಗುಸುಗುಸು ನಿಂತಿತು. ಅವಳು ಬಂದು ಫೋನನ್ನು ಗಂಡನ ಜೇಬಿಗೆ ಇಳಿಬಿಟ್ಟಳು.

"ಎತ್ತ್ರಿ ಭಾವ. ಸಾಹೇಬ್ರಿಗೆ ಬರಾಕಾಗಲ್ವಂತೆ" ಎಂದು, ಜೇಬಿನ ಗುಂಡಿ ಹಾಕಿದಳು.