ಜನವರಿಯ ದೋಣಿ

"ತಲೆ ಕಡೆ ಇನ್ನಿಬ್ಬರು ಹಿಡೀರಪ್ಪಾ, ಭಾರ ಜಾಸ್ತಿ," ಎನ್ನುತ್ತ ವೈಕ್ಕೊ ತನ್ನ ಅಣ್ಣ ತೈಸ್ತೊನ ಶವಪೆಟ್ಟಿಗೆಯನ್ನು ದೋಣಿಗೆ ಇಳಿಸಿಕೊಳ್ಳುತ್ತಿದ್ದ.

"ಬದುಕಿದ್ದಾಗ್ಲೂ ಅವರಿಗೆ ತಲೇನೇ ಭಾರ," ಎಂದಳು ದಂಡೆಯಲ್ಲಿ ನಿಂತಿದ್ದ ತೈಸ್ತೊನ ಹೆಂಡತಿ ಲೆಂಪಿ.

ಬೇರೆ ವರ್ಷವಾಗಿದ್ದರೆ ಜನವರಿಯಲ್ಲಿ ಬೋತ್ನಿಯಾ ಕೊಲ್ಲಿ ಹೆಪ್ಪುಗಟ್ಟಿ, ದ್ವೀಪದಿಂದ ಆಚೆ ದಡದ ಇಗರ್ಜಿಯವರೆಗೆ ಕಾರುಗಳೇ ಓಡಾಡುತ್ತಿದ್ದವು. ಈ ಸಲ ಪಡುವಣ ಸಾಗರದಿಂದ ಒಂದರ ಬೆನ್ನಿಗೊಂದು ಬಿರುಗಾಳಿ ಬೆಚ್ಚನೆಯ ಗಾಳಿ ಹೊತ್ತು ತಂದು, ಕಟ್ಟಿದ್ದ ತೆಳು ಮಂಜುಗಡ್ಡೆಯನ್ನೂ ಒಡೆದುಹಾಕಿತ್ತು. ಎರಡು ಬಿರುಗಾಳಿಗಳ ನಡುವೆ ಸಿಕ್ಕಿದ್ದು ಇವತ್ತೊಂದೇ ದಿನ.

"ಅತ್ತಿಗೆ, ಸಂಜೆಗೆ ಮತ್ತೆ ಗಾಳಿ ಏಳತ್ತಂತೆ. ನೀರು ಗಟ್ಟಿಯಾಗೋವರೆಗೆ ಕಾಯೋಣ ಅಂದ್ರೆ ಕೇಳಲಿಲ್ಲ ನೀವು."

"ಈ ಬೆಚ್ಚಗಿನ ಹವೇಲಿ ಇನ್ನೆಷ್ಟು ದಿನ ಕೊಟ್ಟಿಗೇಲಿ ಮಲಗಿಸೋದು? ಹೊರಡು. ನಿಮ್ಮಣ್ಣ ಇದಕ್ಕಿಂತ ಕೆಟ್ಟ ಗಾಳೀಲಿ ದಾಟಿದವರು."

"ಅದೂ ಹೆಣ್ಣು ಕೇಳಕ್ಕೆ," ಎಂದಳು ಮಗಳು ಸೈಮಿ. ದೋಣಿಯಲ್ಲಿದ್ದವರೆಲ್ಲ ನಕ್ಕರು.

*

ಆಗ ಲೆಂಪಿ ಆಚೆ ದಡದ ಹುಡುಗಿ. ಬೇಸಿಗೆಯೆಲ್ಲ ಮೀನಿನ ಹಿಂದೆ ಅಲೆಯುತ್ತಿದ್ದ ತೈಸ್ತೊ, ಕಡಲು ಹೆಪ್ಪುಗಟ್ಟಿದ ಮೇಲೆ ಕಾಲಿಗೆ ಜಾರುಹಲಗೆ ಕಟ್ಟಿಕೊಂಡು ಅವಳನ್ನು ನೋಡಲು ಬರುತ್ತಿದ್ದ. ಒಂದು ವರ್ಷ, ಈ ಸಲದಂತೆಯೇ, ಬಿರುಗಾಳಿಗಳದ್ದೇ ಸಾಲು. ಕಡಲು ಕಟ್ಟಲೇ ಇಲ್ಲ. ಅವಳಪ್ಪ ಅವನಿಗಾಗಿ ಕಾದು ಬೇಸತ್ತು, ಮರ ಕೊಯ್ಯುವ ಕಾರ್ಖಾನೆಯ ಮೇಸ್ತ್ರಿಗೆ ಮಗಳನ್ನು ಕೊಡುವ ಮಾತು ಕೊಡಲು ಒಳ್ಳೆಯ ಅಂಗಿ ತೊಟ್ಟು ನಿಂತಿದ್ದ. ಬಾಗಿಲು ತೆರೆದರೆ ತೈಸ್ತೊ, ತೊಯ್ದು ತೊಪ್ಪೆಯಾಗಿ, ಕೈಯಲ್ಲಿ ಹುಟ್ಟು ಹಿಡಿದುಕೊಂಡು.

"ಈ ಹವೇಲಿ ದೋಣಿ ತಂದವನಿಗೆ ಹುಚ್ಚೇ ಹಿಡಿದಿರಬೇಕು," ಎಂದ ಅಪ್ಪ.

"ವಾಸಿ ಮಾಡೋದು ನಿಮ್ಮ ಕೈಲಿದೆ ಮಾವ."

ಅಪ್ಪ ಅಂಗಿ ಬಿಚ್ಚಿ ಅವನಿಗೇ ತೊಡಿಸಿದ.

*

ಗಾಳಿ ಸಂಜೆಯವರೆಗೆ ಕಾಯಲಿಲ್ಲ. ಆಚೆ ದಡದ ಇಗರ್ಜಿಯ ಅಂಗಳದಲ್ಲಿ ಪೆಟ್ಟಿಗೆ ಗುಂಡಿಗಿಳಿದು ಪ್ರಾರ್ಥನಾಗೀತೆ ಶುರುವಾಗುವಷ್ಟರಲ್ಲಿ ಮಳೆ ಸುರಿಯಿತು. ಜನವರಿಯಲ್ಲಿ ಕೊಡೆ ತರುವವರು ಯಾರು? ವೈಕ್ಕೊ ಓಡಿಹೋಗಿ ದೋಣಿಯ ಟಾರ್ಪಾಲು ತಂದ. ಎಲ್ಲರೂ ಅದರಡಿ ತೂರಿ, ತುದಿಗಳನ್ನು ಎತ್ತಿ ಹಿಡಿದರು, ಪಾದ್ರಿಯೂ.

"ಅಮ್ಮಾ, ಅಳ್ತಿದ್ದೀಯಾ?"

"ಅಳ್ತಿದ್ದೀನಿ. ನಿಮ್ಮಪ್ಪ ಆರಿಸಿಕೊಂಡ ದಿನ ನೋಡು." ಲೆಂಪಿ ಮೂಗು ಒರೆಸಿಕೊಂಡು ನಕ್ಕಳು.

ಹಾಡು ಮುಂದುವರಿಯಿತು. ನೀರು ತುಂಬಿ ಟಾರ್ಪಾಲು ನಡುವೆ ಹೊಟ್ಟೆಯಂತೆ ಜೋತುಬಿತ್ತು. ಲೆಂಪಿ ಮುಷ್ಟಿಯಿಂದ ಮೇಲಕ್ಕೊಮ್ಮೆ ಗುದ್ದಿದಳು. ತಣ್ಣೀರೆಲ್ಲ ವೈಕ್ಕೊನ ಕೊರಳಪಟ್ಟಿಯೊಳಗಿಳಿಯಿತು. ಹಾಡುತ್ತಿದ್ದ ಅವನ ಸ್ವರ ತಟ್ಟನೆ ಮೇಲಕ್ಕೇರಿತು. ಉಳಿದವರೂ, ಬೇರೆ ದಾರಿಯಿಲ್ಲದೆ, ಅದೇ ಎತ್ತರಕ್ಕೇರಿ ಹಾಡತೊಡಗಿದರು.