ಚೂಡತ್ತೆಗೆ ಬಂದ ಕಾಗದಗಳು

ಕಾಗದ ಕೈಗೆ ಬಂದೊಡನೆ ಚೂಡತ್ತೆ ಮೊದಲು ಅಂಚೆಯ ಮುದ್ರೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಆ ಕಪ್ಪು ಮುದ್ರೆ ಬಾಟಲಿಯ ಮುಚ್ಚಳಕ್ಕೆ ಕಾಡಿಗೆ ಬಳಿದು ನಾನೇ ಒತ್ತಿದ್ದು.

ಚೂಡತ್ತೆ ಅಪ್ಪನ ತಂಗಿ. ಕೆಲಸ ಹುಡುಕಿಕೊಂಡು ಬಂದರಿನ ಊರಿಗೆ ಹೋದ ಮಾವ ಹೋದವರು ಹೋದವರೇ. ಅತ್ತೆಗೆ ಓದುಬರಹ ಬಾರದು. ಗೋಡೆ, ಕ್ಯಾಲೆಂಡರು, ಪೊಟ್ಟಣದ ಕಾಗದ, ಎಲ್ಲೆಂದರಲ್ಲಿ ಗೀಚುತ್ತಿದ್ದ ಹತ್ತು ವರ್ಷದ ನನ್ನನ್ನು ಕೂರಿಸಿಕೊಂಡು ಮಾವನಿಗೆ ಕಾಗದ ಬರೆಸುತ್ತಿದ್ದಳು. ಉತ್ತರ ಬರಲಿಲ್ಲ. ಅವಳು ಊಟ ಬಿಡುವುದನ್ನು ನೋಡಲಾರದೆ ಒಂದು ಮಧ್ಯಾಹ್ನ ನಾನೇ ಮಾವನಾಗಿ ಉತ್ತರ ಬರೆದು, ಅಂಚೆಯಲ್ಲಿ ಬಂತೆಂದು ಓದಿ ಹೇಳಿದೆ. ಅಂದು ಅತ್ತೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಕತೆಗೆ ಇಷ್ಟು ಬಲವಿದೆಯೆಂದು ನನಗೆ ತಿಳಿದದ್ದು ಅಂದೇ.

ಆರು ವರ್ಷ ಬರೆದೆ. ಮಾವನಿಗೆ ಜ್ವರ ಬರಿಸಿದೆ, ಕೆಲಸ ಕೊಡಿಸಿದೆ, ಮುಂದಿನ ಹಬ್ಬಕ್ಕೆ ಬರುತ್ತೇನೆಂದು ಮಾತು ಕೊಡಿಸಿದೆ. ಕಾಗದದ ಸುದ್ದಿ ಯಾರಿಗೂ ಹೇಳಬೇಡವೆಂದೂ ಬರೆದಿದ್ದೆ. ಗಂಡನ ಮಾತೆಂದು ಅವಳು ಪಾಲಿಸಿದಳು. ಬರೆಯುವ ಖುಷಿಯ ಜೊತೆಗೆ ಸಿಕ್ಕಿಬೀಳುವ ಭಯವೂ ಬೆಳೆಯುತ್ತಲೇ ಹೋಯಿತು. ಔಷಧಿ ಅಂಗಡಿಯ ವಿಠೋಬರಾಯರು, ಹೆಂಡತಿಯನ್ನು ಕಳೆದುಕೊಂಡ ಸಾಧು ಮನುಷ್ಯ, ಮಾವ ಇನ್ನಿಲ್ಲವೆಂದೇ ಊರೆಲ್ಲ ನಂಬಿದ್ದರಿಂದ ಅತ್ತೆಯನ್ನು ಮದುವೆಯಾಗುವ ಮಾತೆತ್ತಿದರು. ಅವಳು ಕಾರಣ ಹೇಳದೆ ಒಲ್ಲೆನೆಂದಳು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ, "ಅವರು ಕಾಗದ ಬರೀತಾ ಇರುವಾಗ ನಾನು ಹ್ಯಾಗೆ ಒಪ್ಪಲಿ?" ಎಂದು ನಕ್ಕಳು. ಆಗಲೂ ನಾನು ನಿಜ ಹೇಳಲಿಲ್ಲ.

ಕಾಲೇಜಿಗೆ ಹೊರಡುವಾಗ ಮಾವನನ್ನು ಹಡಗು ಹತ್ತಿಸಿ, ಹೋಗುವ ಕಡೆಯಿಂದ ಅಂಚೆ ಬಾರದೆಂದು ಬರೆದು ಕೈತೊಳೆದುಕೊಂಡೆ. ಬೇಡವಾದ ಪಾತ್ರವನ್ನು ಸಾಗಹಾಕುವ ವಿದ್ಯೆ ನನಗೆ ಆಗಲೇ ಬಂದಿತ್ತು.

ಇಪ್ಪತ್ತು ವರ್ಷಗಳ ಮೇಲೆ ನನ್ನ ಮೊದಲ ಕಾದಂಬರಿ ಅಚ್ಚಾಯಿತು. ಅದರಲ್ಲಿ ಆ ಕಾಗದಗಳಿದ್ದವು, ಬರೆದ ಹುಡುಗಿಯೂ ಇದ್ದಳು. ಅತ್ತೆಗೆ ಓದು ಬಾರದೆಂಬುದೊಂದೇ ನನ್ನ ಧೈರ್ಯ. ಹೇಡಿತನಕ್ಕೆ ಹಾಗೆ ಹೆಸರಿಟ್ಟುಕೊಂಡಿದ್ದೆ. ವಾರ ಕಳೆಯುವುದರೊಳಗೆ ಅವಳು ಹೇಳಿಕಳಿಸಿದಳು: ಪುಸ್ತಕ ತಂದು ನಾನೇ ಓದಿ ಹೇಳಬೇಕಂತೆ.

ಹೋಗಿ ಎದುರಿಗೆ ಕೂತು ಓದಿದೆ. ಕಾಗದಗಳ ಅಧ್ಯಾಯ ಬಂದೊಡನೆ ಹತ್ತಾರು ಹಾಳೆ ಒಟ್ಟಿಗೆ ಮಗುಚಿ ಮುಂದಕ್ಕೆ ಹೋದೆ.

"ಕಾಡಿಗೆ ಮುದ್ರೆ ಒತ್ತಿದ್ದು ಬಿಟ್ಟುಬಿಟ್ಟೆಯಲ್ಲ, ಪುಟ್ಟಿ," ಎಂದಳು ಅತ್ತೆ. "ಪಕ್ಕದ ಮನೆ ಕಾತ್ಯಾಯಿನಿ ಮೊನ್ನೆನೇ ಎಲ್ಲ ಓದಿ ಹೇಳಿದಾಳೆ."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ, ಹೊಡೆದರೆ ಸಾಕೆನಿಸಿತ್ತು. ಅವಳು ಹೇಳಿದ್ದು ವಿಠೋಬರಾಯರು ಹೋದ ವರ್ಷ ತೀರಿಕೊಂಡ ಸುದ್ದಿ. ಕೊನೆಯವರೆಗೂ ಒಂಟಿಯಾಗಿಯೇ ಇದ್ದರಂತೆ. ಆಮೇಲೆ ಒಂದು ಖಾಲಿ ಹಾಳೆ ನನ್ನ ಮುಂದಿಟ್ಟಳು.

"ನಿಮ್ಮ ಮಾವ ತೀರಿಹೋದರು ಅಂತ ಬರಿ. ಶುರು ಮಾಡಿದವಳು ನೀನು, ನೀನೇ ಮುಗಿಸು. ಇನ್ನು ಕಾಯೋಕೆ ನನ್ನ ಕೈಲಾಗಲ್ಲ."

ಅಷ್ಟು ಹೆದರಿಕೊಂಡು ನಾನು ಇನ್ನೇನನ್ನೂ ಬರೆದಿಲ್ಲ. ನಾಲ್ಕೇ ಸಾಲು. ಓದಿ ಹೇಳಿದೆ. ಅತ್ತೆ ಕೊನೆಯವರೆಗೂ ಕೇಳಿ, ಎದ್ದು, ಸಾವಿನ ಸುದ್ದಿ ಕೇಳಿದವರಂತೆ ಉಟ್ಟ ಸೀರೆಯಲ್ಲೇ ಬಚ್ಚಲಮನೆಗೆ ಹೋದಳು. ಚೊಂಬಿನ ಮೇಲೆ ಚೊಂಬು ತಣ್ಣೀರು ತಲೆಯ ಮೇಲೆ ಬೀಳುವ ಸದ್ದು ಹೊರಗೆ ಕೂತ ನನಗೆ ಬಹಳ ಹೊತ್ತು ಕೇಳಿಸುತ್ತಿತ್ತು.