ಹಳೆ ಸ್ಕೀಮಿನ ಕೊನೆಯ ಅಭ್ಯರ್ಥಿ

ವಿಶ್ವವಿದ್ಯಾಲಯದ ಪಠ್ಯಕ್ರಮ ವಿಭಾಗದಲ್ಲಿ ಎಲ್ಲರೂ ಅವನನ್ನು ‘ಡಿಗ್ರಿ’ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಅಟೆಂಡರಾಗಿ ಸೇರಿದ ಮೊದಲ ದಿನ, ಎಲ್ಲಿಯವರೆಗೆ ಓದಿದ್ದೀಯಪ್ಪಾ ಎಂದು ಯಾರೋ ಕೇಳಿದ್ದಕ್ಕೆ ಬಾಯಿ ತಪ್ಪಿ ‘ಡಿಗ್ರಿ ಆಗಿದೆ’ ಅಂದಿದ್ದ. ಬಾಯಿ ತಪ್ಪಿಯೇನು ಬಂತು, ಬೇಕೆಂದೇ ಅಂದಿದ್ದ. ಫೈಲು ಹೊರುವವನಿಗೂ ಡಿಗ್ರಿಯಂತೆ ಎಂದು ನಕ್ಕು ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಕಾರಿಡಾರಿನ ಆ ತುದಿಯಿಂದ “ಏ ಡಿಗ್ರೀ” ಎಂದು ಯಾರಾದರೂ ಕೂಗಿದರೆ ಒಳಗೊಳಗೇ ಅವನಿಗೆ ಹಿತವಾಗುತ್ತಿತ್ತು.

ನಿಜ ಸಂಗತಿ ಏನೆಂದರೆ ಡಿಗ್ರಿಗೆ ಡಿಗ್ರಿ ಆಗಿರಲಿಲ್ಲ. ವಾಣಿಜ್ಯ ಪದವಿಯ ಇಪ್ಪತ್ತನಾಲ್ಕು ಪೇಪರುಗಳಲ್ಲಿ ಇಪ್ಪತ್ತಮೂರು ಪಾಸಾಗಿ ಒಂದು ಉಳಿದುಕೊಂಡಿತ್ತು, ವ್ಯವಹಾರ ಸಂಖ್ಯಾಶಾಸ್ತ್ರ. ಒಂಬತ್ತು ಸಲ ಬರೆದಿದ್ದ. ಊರಿನ ಇನ್ನೊಂದು ಮೂಲೆಯ ಕಾಲೇಜನ್ನು ಕೇಂದ್ರವಾಗಿ ಕೇಳಿ ಪಡೆದು, ಗುರುತಿನವರ ಕಣ್ಣಿಗೆ ಬೀಳದ ಹಾಗೆ ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದ. ಕಳೆದ ಸಲ ಮೂವತ್ತೈದು ಬೇಕಿದ್ದಲ್ಲಿ ಮೂವತ್ತಮೂರು ಬಂದಿತ್ತು. ಎರಡೇ ಎರಡು ಅಂಕಕ್ಕೆ ಕೈಕೊಟ್ಟ ಪೇಪರು ಈ ಸಲ ಹೇಗೆ ಕೈಬಿಟ್ಟೀತು, ನೋಡೇಬಿಡೋಣ ಎಂದು ಆರು ತಿಂಗಳಿಂದ ಲೆಕ್ಕ ಮಾಡುತ್ತಿದ್ದ.

ಮಾಡಲೇಬೇಕಿತ್ತು. ಪದವೀಧರ ಅಟೆಂಡರುಗಳಿಗೆ ಗುಮಾಸ್ತರಾಗಿ ಬಡ್ತಿ ಕೊಡುವ ಪಟ್ಟಿಯಲ್ಲಿ ಅವನ ಸರದಿ ಈ ವರ್ಷಕ್ಕೆ ಬಂದಿತ್ತು. ನಲವತ್ತೈದು ತುಂಬಿದರೆ ಪಟ್ಟಿಯಿಂದ ಹೆಸರು ಹಾರಿಹೋಗುತ್ತದೆ. ಅವನಿಗೆ ಆಗಲೇ ನಲವತ್ತನಾಲ್ಕು ದಾಟಿತ್ತು. ಮದುವೆಗೆ ಮುಂಚೆ ಮಾವನ ಮುಂದೆಯೂ ಡಿಗ್ರಿ ಆಗಿದೆ ಎಂದೇ ಹೇಳಿದ್ದ. ಹನ್ನೆರಡು ವರ್ಷದಿಂದ ಹೆಂಡತಿ, ನಮ್ಮೆಜಮಾನರು ಓದಿದವರು, ಸರದಿ ಬಂದರೆ ಕುರ್ಚಿ ಸಿಗುತ್ತೆ ಎಂದು ತವರಿನಲ್ಲಿ ಹೇಳಿಕೊಂಡು ಬಂದಿದ್ದಳು. ಪಾಸಾದರೆ ಹಳೇ ಸುಳ್ಳು ತಾನಾಗಿ ನಿಜವಾಗುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಅಂಥ ಹೊತ್ತಿನಲ್ಲಿ ಹೊಸ ಕುಲಸಚಿವರು ಬಂದರು. ಬಂದವರೇ, ಪದವಿ ಕೋರ್ಸುಗಳೆಲ್ಲ ಓಬೀರಾಯನ ಕಾಲದವು, ಒಂದೂ ಬಿಡದೆ ಬದಲಾಯಿಸಿ, ಮುಂದಿನ ತಿಂಗಳ ವಿದ್ಯಾವಿಷಯಕ ಪರಿಷತ್ತಿನ ಸಭೆಗೆ ಎಲ್ಲ ತಯಾರಿರಬೇಕು ಎಂದುಬಿಟ್ಟರು. ವಿಭಾಗದವರು ಊಟ ತಿಂಡಿ ಮರೆತು ಕೂತರು. ಹನ್ನೊಂದು ಪೇಪರುಗಳನ್ನು ಪೂರ್ತಿ ತೆಗೆದುಹಾಕುವ ಪಟ್ಟಿ ತಯಾರಾಯಿತು. ಅದರಲ್ಲಿ ವ್ಯವಹಾರ ಸಂಖ್ಯಾಶಾಸ್ತ್ರವೂ ಇತ್ತು. ಅದರ ಜಾಗದಲ್ಲಿ ಕಂಪ್ಯೂಟರಿನಲ್ಲೇ ಮಾಡುವ ಯಾವುದೋ ಹೊಸ ಪೇಪರು.

ಒಂದು ಪೇಪರನ್ನು ತೆಗೆಯುವ ಮೊದಲು ಯಾರಾದರೂ ರೆಕಾರ್ಡ್ ರೂಮಿಗೆ ಇಳಿದು, ಹಳೆಯ ಅಂಕಪಟ್ಟಿ ಲೆಡ್ಜರುಗಳನ್ನು ತಿರುವಿ, ಆ ಪೇಪರು ಇನ್ನೂ ಬಾಕಿ ಇರುವವರು ಯಾರು ಎಂದು ಬರೆದು ತರುವುದು ಆ ವಿಭಾಗದ ಕ್ರಮ. ತಂದ ಪಟ್ಟಿಯನ್ನು ಸೂಪರಿಂಟೆಂಡೆಂಟ್ ಮೇಡಂ ಗಟ್ಟಿಯಾಗಿ ಓದುತ್ತಾರೆ, ಟೈಪಿಸ್ಟು ಕೇಳಿಸಿಕೊಂಡು ಹೊಡೆಯುತ್ತಾನೆ. ಹೆಸರು, ನಂಬರು, ಎಷ್ಟು ಸಲ ಕಟ್ಟಿದ್ದಾರೆ, ಎಲ್ಲ. ಒಂಬತ್ತು ಮೇಜಿನವರೂ ಕಿವಿಯಾಗಿ ಕೂತಿರುತ್ತಾರೆ. “ಏಳನೇ ಸಲಾನಾ? ಗಟ್ಟಿ ಪಿಂಡ ಕಣ್ರೀ!” ಎಂದು ಒಬ್ಬರು ಅಂದರೆ ಮಿಕ್ಕವರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಅವನೂ ಹಾಗೆ ಎಷ್ಟೋ ಸಲ ನಕ್ಕಿದ್ದ. ಎಲ್ಲರಿಗಿಂತ ಜೋರಾಗಿಯೇ ನಕ್ಕಿದ್ದ ಎನ್ನಬೇಕು.

ಈ ಕೆಲಸ ಮಾಡುತ್ತಿದ್ದ ಗುಮಾಸ್ತೆ ಹೆರಿಗೆ ರಜೆಯಲ್ಲಿದ್ದಳು. ಮೇಡಂ ಅವನನ್ನೇ ಕರೆದರು.

“ಡಿಗ್ರಿ, ನೀನು ಓದಿದೋನು. ಈ ಹನ್ನೊಂದಕ್ಕೂ ನೀನೇ ಲೆಡ್ಜರ್ ನೋಡ್ಕೊಂಡು ಬಾ. ಬೇರೆಯೋರಿಗೆ ಕೊಟ್ಟರೆ ಎಡವಟ್ಟು ಮಾಡ್ತಾರೆ.”

“ಆಗ್ಲಿ ಮೇಡಂ,” ಅಂದ.

ರೆಕಾರ್ಡ್ ರೂಮು ಕಟ್ಟಡದ ಬುಡದಲ್ಲಿತ್ತು. ಒಂದೇ ಟ್ಯೂಬ್‌ಲೈಟು, ಅದೂ ಮಿಣುಕುತ್ತಿತ್ತು. ಬಟ್ಟೆಯಲ್ಲಿ ಕಟ್ಟಿದ ಲೆಡ್ಜರುಗಳನ್ನು ಎರಡು ದಿನ ತಿರುವಿದ. ಕೆಲಸವನ್ನು ಚೊಕ್ಕವಾಗಿ ಮಾಡಿದ, ಸುಳ್ಳು ಹೇಳಬಾರದು. ಲೆಕ್ಕಪರಿಶೋಧನೆಯಲ್ಲಿ ನಾಲ್ವರು ಬಾಕಿ, ಬರೆದುಕೊಂಡ. ವ್ಯವಹಾರ ಕಾನೂನಿನಲ್ಲಿ ಒಬ್ಬಳೇ ಒಬ್ಬಳು ಹೆಂಗಸು, ಆರು ವರ್ಷದಿಂದ ಬರೆದೇ ಇಲ್ಲ, ಅವಳನ್ನೂ ಬಿಡದೆ ಬರೆದುಕೊಂಡ. ಎರಡನೇ ದಿನ ಮಧ್ಯಾಹ್ನ ಸಂಖ್ಯಾಶಾಸ್ತ್ರದ ಕಟ್ಟು ಬಿಚ್ಚಿದ. ಉಳಿದವರೆಲ್ಲ ಯಾವುದೋ ವರ್ಷ ಹೇಗೋ ದಡ ಸೇರಿದ್ದರು. ಕೊನೆಗೆ ಉಳಿದದ್ದು ಒಂದು ಹೆಸರು, ಅದರ ಮುಂದೆ ಒಂಬತ್ತು ಕೆಂಪು ಅಂಕಗಳು. ಯಾರದೋ ದುಂಡು ಅಕ್ಷರದಲ್ಲಿ ತನ್ನ ಹೆಸರನ್ನು ಅಷ್ಟು ಅಂದವಾಗಿ ಅವನು ಎಲ್ಲೂ ನೋಡಿರಲಿಲ್ಲ.

ಕೂತುಬಿಟ್ಟ. ಮೇಡಂ ಬಾಯಲ್ಲಿ ತನ್ನ ಹೆಸರು ಬರುವುದು, ಟೈಪಿಸ್ಟಿನ ಕೈ ನಿಲ್ಲುವುದು, ಒಂಬತ್ತು ಮೇಜುಗಳು ಒಟ್ಟಿಗೆ ತನ್ನ ಕಡೆ ತಿರುಗುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆಮೇಲೆ ಬುದ್ಧಿ ಓಡಿತು. ಹಳೆ ಸ್ಕೀಮು ಮುಚ್ಚುವಾಗಲೆಲ್ಲ ‘ಹಳಬರಿಗೆ ಕೊನೆಯ ಎರಡು ಅವಕಾಶ’ ಎಂಬ ನೋಟೀಸು ಬರುತ್ತದೆ. ಆ ನೋಟೀಸನ್ನು ಬೋರ್ಡಿಗೆ ಅಂಟಿಸಿದವನು ಅವನೇ, ಒಂದಲ್ಲ, ಹತ್ತಾರು ಸಲ. ಪಟ್ಟಿಯಲ್ಲಿ ಹೆಸರು ಇದ್ದರೇನು, ಬಿಟ್ಟರೇನು? ಪರೀಕ್ಷೆ ಹೇಗೂ ಇಟ್ಟೇ ಇಡುತ್ತಾರೆ. ತೆಪ್ಪಗೆ ಹೋಗಿ ಬರೆದು, ಪಾಸಾಗಿ, ಸರ್ಟಿಫಿಕೇಟು ತಂದರೆ ಮುಗಿಯಿತು.

ಸಂಖ್ಯಾಶಾಸ್ತ್ರದ ಮುಂದೆ ಸೊನ್ನೆ ಬರೆದ. ಹಾಳೆಯ ಕೆಳಗೆ ‘ಪರಿಶೀಲಿಸಿದವರು’ ಎಂಬಲ್ಲಿ ಸಹಿ ಹಾಕಿದ. ಅಂಥದೊಂದು ಜಾಗದಲ್ಲಿ ಸಹಿ ಹಾಕಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಮೇಡಂ ಪಟ್ಟಿ ಓದಿದರು. ಸಂಖ್ಯಾಶಾಸ್ತ್ರ ಬಂದಾಗ “ಬಾಕಿ ಯಾರೂ ಇಲ್ಲ, ಪೀಡೆ ತೊಲಗ್ತು,” ಎಂದು ಮುಂದಕ್ಕೆ ಹೋದರು. ಆ ಸಂಜೆ ಮನೆಗೆ ಹೋಗುವಾಗ ಹೆಂಡತಿಗೆ ಹಣ್ಣು ಕೊಂಡುಹೋದ.

ಪರಿಷತ್ತಿನ ಸಭೆಗೆ ಚಹಾ ಕೊಡುವವನೂ ಅವನೇ. ಉದ್ದ ಮೇಜಿನ ಸುತ್ತ ಮೂವತ್ತು ಜನ ಪ್ರಾಧ್ಯಾಪಕರು. ಹೊಸ ಪೇಪರಿಗೆ ಯಾವ ಹೆಸರಿಡಬೇಕೆಂದು ಮುಕ್ಕಾಲು ಗಂಟೆ ಕಿತ್ತಾಡಿದವರು, ತೆಗೆಯುವ ಪೇಪರುಗಳು ಬಂದಾಗ ಗಡಿಯಾರ ನೋಡಿಕೊಂಡರು. ಕುಲಸಚಿವರು ಒಂದೊಂದೇ ಓದಿದರು. “ವ್ಯವಹಾರ ಸಂಖ್ಯಾಶಾಸ್ತ್ರ. ಬಾಕಿ ಅಭ್ಯರ್ಥಿಗಳು ಇಲ್ಲ. ಯಾರದ್ದಾದರೂ ಆಕ್ಷೇಪಣೆ?” ಅವನ ಕೈಯಲ್ಲಿ ಆರು ಕಪ್ಪಿನ ತಟ್ಟೆ ಇತ್ತು. “ಇಲ್ಲ, ಇಲ್ಲ,” ಎಂದು ನಾಲ್ಕು ದನಿ ಬಂತು. ಒಬ್ಬ ಪ್ರಾಧ್ಯಾಪಕರು ತಟ್ಟೆಯಿಂದ ಕಪ್ಪು ಎತ್ತಿಕೊಂಡು, “ಸಕ್ಕರೆ ಇಲ್ದೇ ಇರೋದು ಯಾವ್ದಪ್ಪಾ?” ಎಂದು ಕೇಳಿದರು. ತೋರಿಸಿದ. ಅಷ್ಟರಲ್ಲಿ ಮುಂದಿನ ವಿಷಯ ಶುರುವಾಗಿತ್ತು.

ಮೂರು ವಾರ ಕಳೆದು ಪರೀಕ್ಷಾ ಪ್ರಕಟಣೆ ಬಂತು. ಬೋರ್ಡಿಗೆ ಅಂಟಿಸುವ ಮುಂಚೆ ಅಲ್ಲೇ ನಿಂತು ಓದಿದ. ಲೆಕ್ಕಪರಿಶೋಧನೆ, ಕೊನೆಯ ಎರಡು ಅವಕಾಶ. ವ್ಯವಹಾರ ಕಾನೂನು, ಕೊನೆಯ ಎರಡು ಅವಕಾಶ. ಆ ಒಬ್ಬಳೇ ಹೆಂಗಸಿಗಾಗಿ ದಿನ, ಸಮಯ ಎಲ್ಲ ಗೊತ್ತುಮಾಡಿದ್ದರು. ಸಂಖ್ಯಾಶಾಸ್ತ್ರ ಇರಲಿಲ್ಲ. ಹಿಂದಿನ ಪುಟ ನೋಡಿದ. ಇನ್ನೊಂದು ಸಲ ಮೊದಲಿನಿಂದ ಓದಿದ. ಗೋಂದು ಬೆರಳಿನ ಮೇಲೇ ಒಣಗಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದ ಮೇಲೆ ಮೇಡಂ ಹತ್ತಿರ ಹೋದ.

“ಮೇಡಂ, ಸಂಖ್ಯಾಶಾಸ್ತ್ರ ಬಿಟ್ಟುಹೋಗಿದೆ ಅನ್ಸುತ್ತೆ. ಕೊನೇ ಅವಕಾಶದಲ್ಲಿ.”

“ಬಿಟ್ಟುಹೋಗಿಲ್ಲ. ಬಾಕಿ ಯಾರಾದರೂ ಇದ್ದರೆ ತಾನೇ ಅವಕಾಶ? ಯಾರೂ ಇಲ್ಲದ ಪೇಪರಿಗೆ ಪ್ರಶ್ನೆಪತ್ರಿಕೆ ಮಾಡಿಸಿ ಗೋಡೆಗೆ ಕೊಡೋದಾ?”

“ಎಲ್ಲ ಪೇಪರಿಗೂ ಕೊಡ್ತಾರೆ ಅಂತ...”

“ಯಾರು ಹೇಳಿದ್ದು? ಪಟ್ಟಿಯಲ್ಲಿ ಒಂದೇ ಒಂದು ಹೆಸರಿದ್ರೂ ಕೊಡ್ತೀವಿ. ಇಲ್ಲದಿದ್ದರೆ ಇಲ್ಲ. ಅದಕ್ಕೇ ಅಲ್ವೇನೋ ನಿನ್ನ ಎರಡು ದಿನ ಕೆಳಗೆ ಕಳಿಸಿದ್ದು.” ಮೇಡಂ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ತಲೆಯೆತ್ತಿದರು. “ಯಾಕೆ, ಏನಾಯ್ತು?”

ಹದಿನಾಲ್ಕು ವರ್ಷ ಈ ಮೇಜಿನಿಂದ ಆ ಮೇಜಿಗೆ ಹೊತ್ತ ನಿಯಮ ಅದು. ಒಂದು ದಿನವಾದರೂ ಬಿಚ್ಚಿ ಓದಿದ್ದರೆ!

“ನಮ್ಮ ಕಡೆಯೋನು ಒಬ್ಬ ಇದಾನೆ ಮೇಡಂ. ಅವನದು ಬಾಕಿ ಇದೆಯಂತೆ.”

ಮೇಡಂ ಕೈ ತಡೆದು ನಿಂತಿತು. ಕೆಟ್ಟ ಹೆಂಗಸಲ್ಲ ಆಕೆ. ದನಿ ತಗ್ಗಿಸಿ ಹೇಳಿದರು. “ನಂಬರ್ ತಂದುಕೊಟ್ಟರೆ ಮತ್ತೆ ಪರಿಷತ್ತಿಗೆ ಇಡಬಹುದು. ಆದ್ರೆ ಮೊದಲು ಕೇಳೋದು, ಲೆಡ್ಜರ್ ನೋಡಿದೋನು ಯಾರು ಅಂತ. ಸೈನು ನಿಂದಿದೆ. ಕಣ್ತಪ್ಪು ಅಂದ್ರೆ ಈ ಕುಲಸಚಿವರು ನಂಬೋರಲ್ಲ, ಹುಡುಗನ ಹತ್ತಿರ ಏನೋ ತಿಂದಿದ್ದಾನೆ ಅಂತ ಸೀದಾ ಮನೆಗೆ ಕಳಿಸ್ತಾರೆ. ಅಷ್ಟು ಹತ್ತಿರದ ಸಂಬಂಧವಾ?”

ಅವನು ಮೇಜಿನ ಮೇಲಿನ ಪೇಪರ್‌ವೇಟನ್ನೇ ನೋಡಿದ. ಹತ್ತಿರದ್ದು ಎಂದರೆ ಕೆಲಸ ಹೋಗುತ್ತದೆ. ದೂರದ್ದು ಎಂದರೆ ಪದವಿ ಹೋಗುತ್ತದೆ. ಈ ಎರಡರಲ್ಲಿ ಆರಿಸಿಕೊಳ್ಳಲು ಅವನಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಅದನ್ನು ನೆನೆದರೆ ಆಮೇಲೆಯೂ ಅವನಿಗೆ ನಾಚಿಕೆಯಾಗುತ್ತಿತ್ತು.

“ದೂರದ್ದು ಮೇಡಂ.”

“ಹಾಗಾದ್ರೆ ಬಿಟ್ಟುಬಿಡು. ಓದೋ ಮನಸ್ಸಿದ್ರೆ ಹೊಸ ಸ್ಕೀಮಿಗೆ ಮೊದಲನೇ ವರ್ಷದಿಂದ ಸೇರ್ಕೊಳ್ಳಲಿ.” ಒಂದು ತುತ್ತು ಬಾಯಿಗಿಟ್ಟುಕೊಂಡು ಮತ್ತೆ ಅಂದರು, “ಅಂದಹಾಗೆ ಬಡ್ತಿ ಫಾರಂ ಬಂದಿದೆ. ಶುಕ್ರವಾರದೊಳಗೆ ಸರ್ಟಿಫಿಕೇಟ್ ಲಗತ್ತಿಸಿ ಕೊಡು. ಇನ್ಮುಂದೆ ನಿನ್ನನ್ನ ಡಿಗ್ರಿ ಅಂತ ಕೂಗೋ ಹಾಗಿಲ್ಲ, ರೀ ಅನ್ನಬೇಕು.”

ಅವನು ಹಲ್ಲು ಕಿರಿದ. ಇನ್ನೇನು ಮಾಡಬೇಕಿತ್ತು?

ಮನೆಗೆ ಹೋದಾಗ ಇನ್ನೂ ಬೆಳಕಿತ್ತು. ಹೆಂಡತಿ ಕಿಟಕಿಯ ಹತ್ತಿರ ಕೂತು ದರ್ಜಿ ಅಂಗಡಿಯ ಶರ್ಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಅವನು ಫಾರಮನ್ನು ಜೇಬಿನಿಂದ ತೆಗೆದು ಮಂಚದ ಮೇಲಿಟ್ಟ. ಬಚ್ಚಿಡುವ ತ್ರಾಣವೂ ಇರಲಿಲ್ಲ. ಅವಳು ಅದನ್ನು ಎತ್ತಿಕೊಂಡು ಓದಿದಳು. ಸರ್ಟಿಫಿಕೇಟು ಎಂಬಲ್ಲಿ ಅವಳ ಬೆರಳು ನಿಂತಿತು.

“ರೀ, ಬೇಜಾರು ಮಾಡ್ಕೋಬೇಡಿ,” ಅಂದಳು. “ನಿಮ್ಮದು ಇನ್ನೂ ಆಗಿಲ್ಲ ಅಂತ ನನಗೆ ಗೊತ್ತು.”

ಅವನು ಗೋಡೆಗೆ ಒರಗಿದ.

“ಮದುವೆಯಾದ ವರ್ಷವೇ ಗೊತ್ತಾಯ್ತು. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ದಿನ ಆಫೀಸು ಅಂತ ಹೇಳಿ, ಇಸ್ತ್ರಿ ಶರ್ಟು ಹಾಕ್ಕೊಂಡು, ಜೇಬಲ್ಲಿ ಎರಡು ಪೆನ್ನು ಇಟ್ಕೊಂಡು ಹೋಗ್ತಿದ್ರಿ. ಫೈಲು ಹೊರೋರಿಗೆ ಎರಡು ಪೆನ್ನು ಯಾಕೆ ಬೇಕು? ಅಪ್ಪನಿಗೂ ನಾನೇ ಹೇಳಿದ್ದೆ. ಒಂದು ಪೇಪರು ತಾನೇ, ಇವತ್ತಲ್ಲ ನಾಳೆ ಪಾಸಾಗ್ತಾರೆ, ನೀನು ಬಾಯಿ ಬಿಡಬೇಡ ಅಂದ್ರು ಅವರು.” ಅವಳ ದನಿಯಲ್ಲಿ ಎಳ್ಳಷ್ಟೂ ಕೋಪವಿರಲಿಲ್ಲ. “ಆಫೀಸಿನವರು ನಕ್ಕರೆ ನಗ್ಲಿ ಬಿಡಿ. ನಂಗೇನು ಅದರಿಂದ? ಹೋದ ಸಲ ಎರಡೇ ಮಾರ್ಕು ಕಡಿಮೆ ಅಲ್ವಾ? ಶರ್ಟು ಒಗೆಯುವಾಗ ಜೇಬಲ್ಲಿ ಮಾರ್ಕಿನ ಚೀಟಿ ನೋಡ್ದೆ. ಈ ಸಲ ಆಗೇ ಆಗುತ್ತೆ. ಫಾರಮಿಗೆ ಸ್ವಲ್ಪ ಟೈಮು ಕೇಳಿ, ಕೊಡ್ತಾರೆ.”

ಗೋಡೆಗೆ ಒರಗಿ ನಿಂತವನು ನೆಲದ ಮೇಲೆ ಕೂತ. ಯಾರ ಮುಂದೆ ಮಾನ ಉಳಿಸಿಕೊಳ್ಳಬೇಕೆಂದು ಹನ್ನೆರಡು ವರ್ಷ ಒದ್ದಾಡಿದ್ದನೋ ಅವರಿಗೆಲ್ಲ ಮೊದಲೇ ಗೊತ್ತಿತ್ತು. ಉಳಿದವರು ಆ ಒಂಬತ್ತು ಮೇಜಿನವರು. ಅವರ ಒಂದು ಹೊತ್ತಿನ ನಗುವಿಗೆ ಹೆದರಿ ಆ ಸೊನ್ನೆ ಬರೆದಿದ್ದ.

ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ಪರೀಕ್ಷೆ ಯಾವತ್ತು ರೀ? ಆವತ್ತು ಶರ್ಟು ನಾನೇ ಇಸ್ತ್ರಿ ಮಾಡಿ ಕೊಡ್ತೀನಿ.”

“ಪರೀಕ್ಷೆ ಇಲ್ಲ ಕಣೇ,” ಅಂದ. “ಇನ್ಯಾವತ್ತೂ ಇಲ್ಲ.”

“ಯಾಕೆ?”

“ಬರೆಯೋರು ಯಾರೂ ಉಳಿದಿಲ್ಲ ಅಂತ ತೆಗೆದುಹಾಕಿದ್ರು.”

“ಅದು ಹೇಗೆ? ನೀವಿದ್ರಲ್ಲ?” ಅವಳಿಗೆ ನಿಜಕ್ಕೂ ಸಿಟ್ಟು ಬಂತು, ಆಫೀಸಿನವರ ಮೇಲೆ. ಶರ್ಟನ್ನು ಪಕ್ಕಕ್ಕಿಟ್ಟು ಎದ್ದೇ ನಿಂತಳು. “ಯಾವ ಪುಣ್ಯಾತ್ಮ ಹಾಗೆ ಬರೆದುಕೊಟ್ಟೋನು? ಕಣ್ಣು ಕಾಣಿಸ್ತಿರ್ಲಿಲ್ವಾ ಅವನಿಗೆ?”

ಯಾರೆಂದು ಅವನು ಹೇಳಿದ.